ಬಿಚ್ಚಲು ಬರುವುದೇ ಬಾಳುತ್ತದೆ

ಕಳೆದ ವರ್ಷ ನನ್ನ ಹೊಸ ಕ್ಯಾಮೆರಾ ಕೈಕೊಟ್ಟಿತು. ಕೊಂಡು ಆರು ವರ್ಷಗಳಷ್ಟೇ ಆಗಿದ್ದವು. ಸೇವಾ ಕೇಂದ್ರದ ಯುವಕ ಅದನ್ನು ಪರೀಕ್ಷಿಸಿ, ‘ಇದರ ಬೋರ್ಡ್ ಬರುವುದು ನಿಂತಿದೆ ಸರ್, ಹೊಸದೇ ತಗೊಂಡುಬಿಡಿ’ ಎಂದು ವಿನಯದಿಂದಲೇ ಹೇಳಿದ. ಬರಿಗೈಯಲ್ಲಿ ಮನೆಗೆ ಮರಳಿದ ನಾನು, ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಹಳೆಯ ಕ್ಯಾಮೆರಾವನ್ನು ಹೊರತೆಗೆದೆ.

ಅದು 2004ರಲ್ಲಿ ಮಾರುಕಟ್ಟೆಗೆ ಬಂದ ಎಪ್ಸನ್ ಆರ್-ಡಿ1. ಜಗತ್ತಿನ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ಅದು. ಅದರ ಸಾಮರ್ಥ್ಯ ಕೇವಲ 6.1 ಮೆಗಾಪಿಕ್ಸೆಲ್, ಇಂದು ಸಾಧಾರಣ ಮೊಬೈಲ್ ಕೂಡ ಅದನ್ನು ಮೀರಿಸುತ್ತದೆ. ಆ ಕಾರಣಕ್ಕೇ ಅಲ್ಲವೇ ನಾನೂ ಅದನ್ನು ಮೂಲೆಗೆ ಸರಿಸಿದ್ದು!

ಈ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸಿನ ಮೂಲಕವಲ್ಲ, ಅದರ ಮೇಲ್ಬದಿಯ ಪುಟ್ಟ ಕಿಟಕಿಯ ಮೂಲಕ. ಅಲ್ಲಿ ದೃಶ್ಯದ ನಡುವೆ ಮಸುಕಾದ ಇನ್ನೊಂದು ಬಿಂಬ ಕಾಣುತ್ತದೆ. ಲೆನ್ಸಿನ ಉಂಗುರವನ್ನು ತಿರುಗಿಸಿ ಎರಡನ್ನೂ ಒಂದಾಗಿಸಿದರೆ ಫೋಕಸ್ ಆಯಿತೆಂದು ಅರ್ಥ. ಫಿಲ್ಮ್ ಇಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಮುನ್ನ ಹೆಬ್ಬೆರಳಿನಿಂದ ಸನ್ನೆಯೊಂದನ್ನು ಎಳೆದು ಷಟರನ್ನು ಸಜ್ಜುಗೊಳಿಸಬೇಕು. ಇನ್ನೆಷ್ಟು ಚಿತ್ರಗಳು ಉಳಿದಿವೆ ಎಂಬುದನ್ನು ಗಡಿಯಾರದಂಥ ಮುಳ್ಳು ತೋರಿಸುತ್ತದೆ. ಹಿಂಬದಿಯ ಪರದೆ ಬೇಡವೆನಿಸಿದರೆ ಅದನ್ನು ಒಳಮುಖವಾಗಿ ಮಡಚಿಬಿಡಬಹುದು.

ಅದಕ್ಕೆ ನಾನು ಜೋಡಿಸುವ ಜುಪಿಟರ್-8 ಲೆನ್ಸ್ ಸೋವಿಯತ್ ಒಕ್ಕೂಟದ ಕಾಲದ್ದು. ಜರ್ಮನಿಯ ಜೈಸ್ ಸಂಸ್ಥೆ 1930ರ ದಶಕದಲ್ಲಿ ರೂಪಿಸಿದ ಸೊನ್ನಾರ್ ಲೆನ್ಸಿನ ವಂಶದ್ದು. ಸ್ಕ್ರೂನಂತೆ ತಿರುಗಿಸಿ ಕೂರಿಸುವ ಇಂಥ ಲೆನ್ಸುಗಳನ್ನು, ಲೈಕಾ ಕಂಪನಿ 1954ರಲ್ಲಿ ಬಳಕೆಗೆ ತಂದ ಎಂ ಮೌಂಟ್‌ಗೆ ತೆಳುವಾದ ಉಂಗುರವೊಂದರ ಮೂಲಕ ಜೋಡಿಸಬಹುದು. ನನ್ನ ಕ್ಯಾಮೆರಾದಲ್ಲಿರುವುದೂ ಅದೇ ಮೌಂಟ್. ತಯಾರಾದಾಗ ಡಿಜಿಟಲ್ ಎಂಬ ಕಲ್ಪನೆಯೇ ಇಲ್ಲದಿದ್ದ ಲೆನ್ಸ್ ಹೀಗೆ ಡಿಜಿಟಲ್ ಕ್ಯಾಮೆರಾದಲ್ಲೂ ದುಡಿಯುತ್ತಿದೆ.

ಬಹುಕಾಲ ಬಳಸದೆ ಬಿಟ್ಟಿದ್ದರಿಂದ ಲೆನ್ಸಿನೊಳಗಿನ ಗ್ರೀಸ್ ಗಟ್ಟಿಯಾಗಿ ಉಂಗುರ ತಿರುಗುತ್ತಿರಲಿಲ್ಲ. ಪೇಟೆಯ ಹಿರಿಯ ದುರಸ್ತಿಗಾರರೊಬ್ಬರು ಅದನ್ನು ನನ್ನೆದುರೇ ಬಿಚ್ಚಿ, ಒರೆಸಿ, ಹೊಸ ಗ್ರೀಸ್ ಹಚ್ಚಿ ಮಧ್ಯಾಹ್ನದೊಳಗೆ ಕೈಗಿತ್ತರು. ‘ಮುಂದೆ ಯಾರೋ ಒಬ್ಬರು ಇದನ್ನು ಬಿಚ್ಚುತ್ತಾರೆ ಅಂತ ಮಾಡಿದವರಿಗೆ ಗೊತ್ತಿತ್ತು ಸಾರ್’ ಎಂದರು. ಸೇವಾ ಕೇಂದ್ರದಲ್ಲಿ ನನಗೆ ಸಿಗದ ಉತ್ತರ ಆ ಒಂದೇ ಮಾತಿನಲ್ಲಿತ್ತು.

ಇದು ಹಳೆಯದೆಲ್ಲ ಹೊನ್ನು ಎಂಬ ವಾದವಲ್ಲ. ಮಂದ ಬೆಳಕಿನಲ್ಲಿ ಈ ಕ್ಯಾಮೆರಾದ ಚಿತ್ರಗಳಲ್ಲಿ ಕಾಳುಕಾಳು ಎದ್ದು ಕಾಣುತ್ತದೆ. ಬಿಸಿಲಿಗೆ ಎದುರಾದರೆ ಲೆನ್ಸ್ ಮಂಕಾಗುತ್ತದೆ. ಓಡುವ ಮೊಮ್ಮಗನಂತೂ ನನಗೆ ಸಿಗುವುದೇ ಇಲ್ಲ. ಆದರೆ ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಅಮ್ಮನೆದುರು ಕುಳಿತು, ಎರಡು ಬಿಂಬಗಳು ಕೂಡುವವರೆಗೂ ಕಾದಾಗ, ಅವಳ ಬೆರಳುಗಳು ಎಷ್ಟು ಸೊರಗಿವೆ ಎಂಬುದು ಮೊದಲ ಬಾರಿಗೆ ಗಮನಕ್ಕೆ ಬಂತು. ಮೊಬೈಲಿನಲ್ಲಿ ಅವಳ ನೂರಾರು ಚಿತ್ರಗಳಿವೆ. ಒಂದರಲ್ಲೂ ನಾನು ಆ ಬೆರಳುಗಳನ್ನು ನೋಡಿರಲಿಲ್ಲ.

ಇದು ಒಬ್ಬನ ಹವ್ಯಾಸದ ಪ್ರಶ್ನೆಯಷ್ಟೇ ಅಲ್ಲ. ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಹಾಗೂ ವಾಹನಗಳು ಅದರ ಆದ್ಯತೆಯಾದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾಲತಾಣವೊಂದು ಆರಂಭವಾಯಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ಈ ಕುರಿತು ನಿರ್ದೇಶನವನ್ನೇ ಹೊರಡಿಸಿತು. ಹೆಜ್ಜೆಗಳು ಸ್ವಾಗತಾರ್ಹ. ಆದರೆ ಮಾಹಿತಿ ಇದ್ದು ಬಿಡಿಭಾಗ ಇಲ್ಲದಿದ್ದರೆ ಹಕ್ಕು ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಬಿಡಿಭಾಗ ಎಷ್ಟು ವರ್ಷ ದೊರೆಯುತ್ತದೆ ಎಂಬುದನ್ನು ಬೆಲೆಯ ಪಕ್ಕದಲ್ಲೇ ಮುದ್ರಿಸುವುದು ಕಡ್ಡಾಯವಾಗಬೇಕು. ಇಲ್ಲವಾದರೆ ನಮ್ಮ ಬೀದಿಗಳ ದುರಸ್ತಿಗಾರರ ವಿದ್ಯೆಯೂ ಇ-ತ್ಯಾಜ್ಯದ ರಾಶಿಯೊಂದಿಗೇ ಮಣ್ಣುಗೂಡುತ್ತದೆ.

ನನ್ನ ಈ ಕ್ಯಾಮೆರಾದ ವಿದ್ಯುನ್ಮಾನ ಭಾಗಗಳೂ ಒಂದು ದಿನ ಮೌನವಾಗುತ್ತವೆ, ನಿಜ. ಆಗ ಲೆನ್ಸನ್ನು ತಿರುಗಿಸಿ ತೆಗೆದು ಇನ್ನೊಂದಕ್ಕೆ ಜೋಡಿಸುತ್ತೇನೆ. ಆ ಇನ್ನೊಂದನ್ನು ಕೊಳ್ಳಲು ಹೋದಾಗ ಮೆಗಾಪಿಕ್ಸೆಲ್ ಎಷ್ಟೆಂದು ಮೊದಲು ವಿಚಾರಿಸುವುದಿಲ್ಲ. ಕೆಟ್ಟರೆ ಇದನ್ನು ಬಿಚ್ಚಲು ಬರುತ್ತದೆಯೇ ಎಂದು ಕೇಳುತ್ತೇನೆ.