ಬಣ್ಣ ಬಳಿದರೂ ಹೊರಡದ ಟಿಲ್ಲರು

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಕಲ್ಲಡ್ಕದ ಆಸುಪಾಸಿನ ಗದ್ದೆಗಳಲ್ಲಿ ಉಳುಮೆ ತಡೆಯುವಂತಿಲ್ಲ. ಹಳೆಯ ಪವರ್ ಟಿಲ್ಲರು ಮೊಂಡು ಹಿಡಿಯುವುದೂ ಆಗಲೇ. ವರ್ಷಗಟ್ಟಲೆ ಕೊಟ್ಟಿಗೆಯ ಮೂಲೆಯಲ್ಲಿದ್ದುದನ್ನು ಬಿಚ್ಚಿ, ತುಕ್ಕು ಉಜ್ಜಿ, ಬಣ್ಣ ಬಳಿದು ಜೋಡಿಸಿದ್ದಾಯಿತು. ಹಿಡಿಕೆ ತಿರುಗಿಸಿ ತೋಳು ಸೋತರೂ ಎಂಜಿನು ಹೊರಡದು. ಪಂಪು ಬದಲಿಸಿರೆಂದು ಒಬ್ಬರು, ನಾಜಲು ಬದಲಿಸಿರೆಂದು ಇನ್ನೊಬ್ಬರು. ಹಣ ಕರಗಿದ ಮೇಲೆ ಯಂತ್ರ ಗುಜರಿಯ ಪಾಲು. ಈ ಪದ್ಧತಿಯನ್ನು ನಾವು ಒಪ್ಪಲಾರೆವು. ಬಿಡಿಭಾಗ ಕೊಳ್ಳುವ ಮೊದಲು ಕಾರಣವನ್ನು ಹುಡುಕಬೇಕು. ಅದಕ್ಕೆ ಪ್ರೌಢಶಾಲೆಯ ಭೌತವಿಜ್ಞಾನವೇ ಬಹುಮಟ್ಟಿಗೆ ಸಾಕು.

ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ವಿ.ಎಸ್.ಟಿ. ಸಂಸ್ಥೆ ಸ್ಥಾಪನೆಯಾಯಿತು, ನಮ್ಮ ಸಣ್ಣ ಹಿಡುವಳಿಗಳಿಗೆ ಒಪ್ಪುವ ಈ ಎರಡು ಗಾಲಿಯ ಯಂತ್ರಗಳು ಅಲ್ಲಿಂದ ಬಂದುವು. ಇವುಗಳ ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇರುವುದಿಲ್ಲ. ಸೈಕಲ್ ಪಂಪನ್ನು ಒತ್ತಿದಾಗ ಅದರ ತುದಿ ಬಿಸಿಯಾಗುವುದನ್ನು ವಿದ್ಯಾರ್ಥಿಗಳು ಬಲ್ಲರು. ಇಲ್ಲಿ ಗಾಳಿಯನ್ನು ಸುಮಾರು ಇಪ್ಪತ್ತನೆಯ ಒಂದು ಭಾಗಕ್ಕೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಆ ಗಾಳಿಗೆ ಮಂಜಿನಂತೆ ಸಿಂಪಡಿಸಿದ ಎಣ್ಣೆ ತಾನಾಗಿ ಉರಿಯುತ್ತದೆ.

ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಎಣ್ಣೆ ಒಳಗೆ ತಲುಪುತ್ತಿದೆಯೇ? ಹಿಡಿಕೆ ತಿರುಗಿಸುವಾಗ ಹೊಗೆಕೊಳವೆಯಲ್ಲಿ ಬಿಳಿಯ ಹೊಗೆ ಕಂಡರೆ ಎಣ್ಣೆ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಎಣ್ಣೆಯ ದಾರಿಯನ್ನೇ ಶಂಕಿಸಬೇಕು.

ಬಿಚ್ಚಿ ಜೋಡಿಸಿದ ಯಂತ್ರದಲ್ಲಿ ನಮ್ಮ ಶಂಕೆ ಮೊದಲು ಹೋಗುವುದು ಗಾಳಿಯ ಕಡೆಗೆ. ದ್ರವ ಸುಲಭವಾಗಿ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಒಂದು ಗುಳ್ಳೆ ನಿಂತರೂ ಸಾಕು, ಪಂಪಿನ ಒತ್ತಡವೆಲ್ಲ ಅದನ್ನು ಕುಗ್ಗಿಸುವುದಕ್ಕೇ ವ್ಯಯವಾಗಿ ನಾಜಲು ತೆರೆಯುವುದೇ ಇಲ್ಲ. ಫಿಲ್ಟರಿನ ಬಳಿಯ ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಹರಿಯುವವರೆಗೆ ಕಾದು ಬಿಗಿಯಬೇಕು. ಇದಕ್ಕೆ ಬೇಕಾದುದು ಒಂದು ಸ್ಪ್ಯಾನರು ಮಾತ್ರ! ಕರಾವಳಿಯ ತೇವದಿಂದ ತೊಟ್ಟಿಯ ತಳದಲ್ಲಿ ಕೂಡಿದ ನೀರನ್ನೂ ತುಕ್ಕನ್ನೂ ಮುಂಚೆಯೇ ತೆಗೆದಿರಬೇಕು. ಆದರೆ ನಾಜಲಿನ ಎದುರಿಗೆ ಎಂದೂ ಕೈಯೊಡ್ಡಬಾರದು. ನೂರಕ್ಕೂ ಮಿಕ್ಕಿದ ವಾತಾವರಣಗಳ ಒತ್ತಡದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳನುಗ್ಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು.

ಬಿಳಿಯ ಹೊಗೆ ಬಂದೂ ಹೊರಡದಿದ್ದರೆ ಗಾಳಿ ಸಾಕಷ್ಟು ಒತ್ತಲ್ಪಡುತ್ತಿಲ್ಲ, ಇಲ್ಲವೆ ಎಣ್ಣೆ ಹೊತ್ತು ತಪ್ಪಿ ಬೀಳುತ್ತಿದೆ. ಒತ್ತಡ ಸಡಿಲಿಸುವ ಲಿವರನ್ನು ಬಿಟ್ಟಾಗ ಹಿಡಿಕೆ ಕೈಗೆ ಬಲವಾಗಿ ಎದುರು ನಿಲ್ಲಬೇಕು. ಸಲೀಸಾಗಿ ತಿರುಗಿತೋ, ಕವಾಟಗಳನ್ನೂ ಪಿಸ್ಟನ್ ಬಳೆಗಳನ್ನೂ ನೋಡಬೇಕು. ಎದುರು ನಿಂತರೆ, ಹಲ್ಲುಗಾಲಿಗಳ ಗುರುತುಗಳು ಜೋಡಿಸುವಾಗ ಪರಸ್ಪರ ಕೂಡಿದುವೇ ಎಂದು ಪರಿಶೀಲಿಸಬೇಕು.

ನಾಲ್ಕು ಹೊಡೆತಗಳ ಎಂಜಿನಿನ ಚಿತ್ರವನ್ನು ನಮ್ಮ ವಿದ್ಯಾರ್ಥಿಗಳು ಅಂದವಾಗಿ ಬರೆಯುತ್ತಾರೆ. ಅದು ಏಕೆ ಹೊರಡಲಿಲ್ಲವೆಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಗುಜರಿಗೆ ಹೊರಟ ಟಿಲ್ಲರೊಂದನ್ನು ಊರಿನ ಶಾಲೆ ಪಡೆದು, ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಈ ಕೊರತೆ ಸ್ವಲ್ಪ ನೀಗೀತು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಫಲವನ್ನು ಬರೆದಿಡುವಂತೆ ಉಪಾಧ್ಯಾಯರು ನೋಡಿಕೊಳ್ಳಲಿ. ಹೊರಟ ಎಂಜಿನು ಸ್ವಲ್ಪ ಹೊತ್ತಿನಲ್ಲೇ ನಿಂತುಹೋದರೆ ಎಣ್ಣೆತೊಟ್ಟಿಯ ಮುಚ್ಚಳವನ್ನು ತೆಗೆದು ನೋಡಲಿ. ಗಾಳಿಯಾಡುವ ಸಣ್ಣ ರಂಧ್ರವನ್ನು ಹೊಸ ಬಣ್ಣವೇ ಮುಚ್ಚಿರುವುದುಂಟು.