ಮಡಚುವ ಸೈಕಲ್ಲೂ, ಮಡಚಲಾಗದ ನಾನೂ

ಬ್ಲಾಗ್ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. "ಏನ್ರೀ, ಬರೆಯೋದೇ ಬಿಟ್ಬಿಟ್ರಾ?" ಅಂತ ಮೇಲ್ ಹಾಕಿದವರಿಗೆಲ್ಲ "ಆಫೀಸಲ್ಲಿ ರಿಲೀಸ್ ಇದೆ, ಪುರುಸೊತ್ತಿಲ್ಲ" ಅಂತ ರೈಲು ಬಿಟ್ಟಿದ್ದೆ. ನಿಜ ಏನಪ್ಪಾ ಅಂದ್ರೆ, ಬಲಗೈ ಮಣಿಕಟ್ಟಿಗೆ ಐದು ವಾರ ಪ್ಲಾಸ್ಟರ್ ಇತ್ತು. ಎಡಗೈ ಒಂದರಲ್ಲೇ ಒತ್ತಕ್ಷರ ಟೈಪ್ ಮಾಡಿ ನೋಡಿ, ಗೊತ್ತಾಗುತ್ತೆ :)

ಕೈ ಹೇಗೆ ಮುರೀತು ಅಂತ ಕೇಳಿದವರಿಗೆ ಇನ್ನೊಂದು ಸುಳ್ಳು ಹೇಳಿದ್ದೆ. "ಸೈಕಲ್ಲಲ್ಲಿ ಬರ್ತಿದ್ದೆ, ಮರಳು ಇತ್ತು, ಸ್ಕಿಡ್ ಆಯ್ತು." ಅಮ್ಮನಿಗೂ ಅದೇ ಕಥೆ. ಮರಳೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನನ್ನ ಭಾರಕ್ಕೆ ಸೀಟಿನ ರಾಡು ಬುಡದಲ್ಲಿ ಬಾಗಿ, ಸೀಟಿನ ಸಮೇತ ನಾನು ಹಿಂದಕ್ಕೆ ವಾಲಿ ಬಿದ್ದದ್ದು. ಇದನ್ನ ಹೇಳೋಕೆ ನಾಚಿಕೆ ಆಯ್ತು, ಅಷ್ಟೆ. ಇವತ್ತು ಆ ನಾಚಿಕೆ ಬಗ್ಗೆಯೇ ಬರೀತಿದ್ದೀನಿ, ಯಾಕಂದ್ರೆ ಬಿದ್ದದ್ದಕ್ಕೆ ಅರ್ಧ ಕಾರಣ ಅದೇ ಅಂತ ಈಗ ಅನ್ನಿಸ್ತಿದೆ.

ಮೊದಲು ನನ್ನ ಜಾತಕ. ಎತ್ತರ ಆರಡಿ ಎರಡಿಂಚು, ತೂಕ 108 ಕಿಲೋ. ಮದುವೆ ಮನೆಯ ಗ್ರೂಪ್ ಫೋಟೋದಲ್ಲಿ ಕಾಯಂ ಹಿಂದಿನ ಸಾಲು. ಆಟೋದಲ್ಲಿ ಮೂರು ಜನ ಕೂರಬೇಕು ಅಂದ್ರೆ ಉಳಿದಿಬ್ಬರು ಮುಖ ಮುಖ ನೋಡ್ಕೋತಾರೆ. ಕಳೆದ ವರ್ಷ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಬಿಪಿ ನೋಡಿದ ಡಾಕ್ಟರು, "ಇಪ್ಪತ್ತೆಂಟಕ್ಕೇ ಇದೇನ್ರೀ? ದಿನಾ ಒಂದರ್ಧ ಗಂಟೆ ನಡೀರಿ, ಇಲ್ಲಾ ಸೈಕಲ್ ತುಳೀರಿ" ಅಂದ್ರು.

ನಮ್ಮನೆ ಪದ್ಮನಾಭನಗರ, ಆಫೀಸು ಎಲೆಕ್ಟ್ರಾನಿಕ್ ಸಿಟಿ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೋದ ಹಳದಿ ಮಾರ್ಗ ಶುರುವಾಯ್ತಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ನರಕದಿಂದ ನನಗೆ ಮುಕ್ತಿ ಸಿಕ್ತು. ಆದ್ರೆ ಮನೆಯಿಂದ ಸ್ಟೇಷನ್ನಿಗೆ ಒಂದಿಷ್ಟು ದೂರ, ಆ ಕಡೆ ಇಳಿದ ಮೇಲೆ ಆಫೀಸಿಗೆ ಇನ್ನೊಂದಿಷ್ಟು ದೂರ. ನಡೆದ್ರೆ ತಡ, ಆಟೋದವರು ಬರಲ್ಲ. ಮಡಚುವ ಸೈಕಲ್ಲನ್ನು ಒಳಗೆ ತರೋಕೆ ನಮ್ಮ ಮೆಟ್ರೋ 2022ರಲ್ಲೇ ಅನುಮತಿ ಕೊಟ್ಟಿತ್ತು. ಸರಿ, ಡಾಕ್ಟರ ಮಾತೂ ಆಯ್ತು, ಆಟೋ ಕಾಸೂ ಉಳೀತು ಅಂತ ಒಂದು ಭಾನುವಾರ ಅಂಗಡಿಗೆ ಹೋದೆ.

ಅಂಗಡಿ ಹೆಸರು, ಸೈಕಲ್ ಹೆಸರು ಎರಡೂ ಬೇಡ ಬಿಡಿ. ಹುಡುಗ ಹತ್ತು ಸೆಕೆಂಡಿನಲ್ಲಿ ಸೈಕಲ್ ಮಡಚಿ ಸೂಟ್‌ಕೇಸ್ ಥರ ಮಾಡಿ ತೋರಿಸ್ದ. ನಾನು ಬಾಯಿ ಬಿಟ್ಕೊಂಡು ನೋಡ್ದೆ. ಅವನು ನನ್ನನ್ನ ಒಂದ್ಸಲ ತಲೆಯಿಂದ ಕಾಲಿನವರೆಗೂ ನೋಡಿ, ಏನೋ ಕೇಳೋಕೆ ಹೊರಟು, ಸುಮ್ಮನಾದ. ನನಗೂ ಒಂದು ಪ್ರಶ್ನೆ ಬಾಯಿ ತುದಿಗೆ ಬಂತು: "ಇದು ನನ್ನ ತಡ್ಕೊಳ್ಳುತ್ತೇನಪ್ಪಾ?" ಪಕ್ಕದಲ್ಲಿ ಒಂದು ಫ್ಯಾಮಿಲಿ ನಿಂತಿತ್ತು. ಕೇಳಲಿಲ್ಲ. ಸೀಟನ್ನ ಪೂರ್ತಿ ಮೇಲಕ್ಕೆಳೆದು ಒಂದು ರೌಂಡ್ ಹೊಡೆದೆ, ಕಾರ್ಡ್ ಉಜ್ಜಿದೆ, ಮನೆಗೆ ತಂದೆ. ಮೂರನೇ ತಿಂಗಳು ಬನಶಂಕರಿ ಹತ್ರ ಒಂದು ಹಂಪ್ ಇಳಿಸುವಾಗ ಕಥೆ ಮುಗೀತು.

ಪ್ಲಾಸ್ಟರ್ ಹಾಕ್ಕೊಂಡು ಮನೇಲಿ ಕೂತಾಗ ಸೈಕಲ್ಲನ್ನ ತಲೆಕೆಳಗು ಮಾಡಿ ನೋಡ್ತೀನಿ, ಪೆಡಲ್ ಬುಡದ ಹತ್ರ ಬೆರಳಗಲದ ಸ್ಟಿಕ್ಕರ್: ಗರಿಷ್ಠ ಭಾರ 90 ಕಿಲೋ. ನಮ್ಮ ಆಫೀಸ್ ಲಿಫ್ಟಿನಲ್ಲಿ "8 ಜನ, 544 ಕಿಲೋ" ಅಂತ ಕಣ್ಣೆದುರಿಗೇ ಹಾಕಿರ್ತಾರೆ. ಅದನ್ನ ನೋಡಿ ಯಾರಿಗೂ ಅವಮಾನ ಆಗಲ್ಲ, ಜಾಸ್ತಿ ಜನ ಆದ್ರೆ ಒಬ್ಬರು ಇಳೀತಾರೆ, ಅಷ್ಟೆ. ಸಾವಿರಾರು ರೂಪಾಯಿ ಕೊಟ್ಟು ಕೊಳ್ಳೋ ಸೈಕಲ್ಲಿನ ಮಿತಿಯನ್ನ ಮಾತ್ರ ಯಾಕೆ ಹೊಟ್ಟೆ ಕೆಳಗೆ ಬಚ್ಚಿಡಬೇಕು?

"ನಮ್ಮಜ್ಜ ಅಟ್ಲಾಸ್ ಸೈಕಲ್ ಮೇಲೆ ಎರಡು ಮೂಟೆ ಹೇರ್ಕೊಂಡು ಬರ್ತಿದ್ರು, ಅದಕ್ಕೇನೂ ಆಗ್ತಿರಲಿಲ್ಲ" ಅಂತ ನೀವು ಹೇಳಬಹುದು. ನಮ್ಮಪ್ಪನೂ ಅದನ್ನೇ ಹೇಳಿದ್ರು. ಆದ್ರೆ ಆ ಸೈಕಲ್ಲಿನ ಚೌಕಟ್ಟು ಉಕ್ಕಿನ ಪೈಪುಗಳ ತ್ರಿಕೋನ. ತ್ರಿಕೋನ ಅಷ್ಟು ಸುಲಭಕ್ಕೆ ಆಕಾರ ಬಿಡಲ್ಲ. ಮಡಚುವ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಒಂದೇ ದಪ್ಪ ಪೈಪು, ಅದರ ನಡುವೆ ಒಂದು ಕೀಲು. ಚೌಕಟ್ಟು ತಗ್ಗು, ಚಕ್ರ ಚಿಕ್ಕದು. ನಮ್ಮ ಸೊಂಟದವರೆಗಿನ ಎತ್ತರವನ್ನೆಲ್ಲ ಒಂದು ಉದ್ದನೆ ರಾಡು ಕೊಡಬೇಕು.

ಇಂಜಿನಿಯರಿಂಗ್ ಮೊದಲ ವರ್ಷ ಓದಿದ ಮೆಕ್ಯಾನಿಕ್ಸ್ ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು ನೋಡಿ. ಸೀಟಿನ ರಾಡು ನೆಟ್ಟಗಿರಲ್ಲ, ಹಿಂದಕ್ಕೆ ವಾಲಿರುತ್ತೆ. ಹಾಗಾಗಿ ನಮ್ಮ ಭಾರ ಅದನ್ನ ಬುಡದಲ್ಲಿ ಬಾಗಿಸೋಕೆ ನೋಡುತ್ತೆ. ಆ ಬಾಗಿಸುವ ಬಲ ಎಷ್ಟು ಅನ್ನೋದು ಭಾರ ಮತ್ತು ಹೊರಗೆ ಕಾಣುವ ರಾಡಿನ ಉದ್ದ, ಇವೆರಡರ ಗುಣಲಬ್ಧದ ಪ್ರಕಾರ ಏರುತ್ತೆ. 65 ಕಿಲೋ ಇರೋ ನನ್ನ ಗೆಳೆಯ ರಾಡನ್ನ 35 ಸೆಂಟಿಮೀಟರ್ ಎಳೀತಾನೆ ಅಂದ್ಕೊಳ್ಳಿ, ನಾನು 50 ಎಳೀತೀನಿ. 65 ಗುಣಿಸು 35, 2275. 108 ಗುಣಿಸು 50, 5400. ತೂಕದಲ್ಲಿ ನಾನು ಅವನ ಒಂದೂ ಮುಕ್ಕಾಲು ಪಟ್ಟೂ ಇಲ್ಲ, ಆದ್ರೆ ರಾಡಿನ ಬುಡಕ್ಕೆ ಎರಡು ಪಟ್ಟಿಗಿಂತ ಹೆಚ್ಚು ಹಿಂಸೆ ಕೊಡ್ತಿದ್ದೀನಿ. ಎತ್ತರ, ತೂಕ ಎರಡೂ ಕೂಡಿಕೊಳ್ಳಲ್ಲ ಕಣ್ರೀ, ಗುಣಿಸಿಕೊಳ್ಳುತ್ತವೆ. ಹಾಗಾಗಿ ನನ್ನಂಥವರಿಗೆ ತೂಕದ ಮಿತಿಯೊಂದನ್ನ ನೋಡಿದ್ರೂ ಸಾಲದು.

ಹೊಸದು ಕೊಳ್ಳೋಕೆ ಮುಂಚೆ ಈ ಸಲ ನೋಡಿದ್ದು ಏನೇನು ಅಂತ ಹೇಳ್ತೀನಿ.

ಒಂದು, ತೂಕದ ಮಿತಿ. ಅದು ದೇಹದ ತೂಕ ಮಾತ್ರವೋ, ಬ್ಯಾಗೂ ಸೇರಿಯೋ ಅಂತ ಕೈಪಿಡಿಯಲ್ಲಿ ಓದಬೇಕು. ಲಂಡನ್ನಿನಲ್ಲಿ ತಯಾರಾಗುವ ಬ್ರಾಂಪ್ಟನ್ ಮಡಚುವ ಸೈಕಲ್ಲುಗಳ ರಾಜ ಅಂತಾರೆ. ಅದರ ಮಿತಿ 110 ಕಿಲೋ, ಬ್ಯಾಗೂ ಸೇರಿ. ಡೇವಿಡ್ ಹಾನ್ ಅನ್ನೋ ಲೇಸರ್ ವಿಜ್ಞಾನಿ 1982ರಲ್ಲಿ ಶುರು ಮಾಡಿದ ಡಹಾನ್ ಕಂಪನಿಯ ಹೆಚ್ಚಿನ ಮಾಡೆಲ್ಲುಗಳದ್ದು 105 ಕಿಲೋ. ನಾನು 108, ಲ್ಯಾಪ್‌ಟಾಪು, ಊಟದ ಡಬ್ಬಿ, ನೀರಿನ ಬಾಟಲಿ ಸೇರಿ ಇನ್ನೊಂದು ಆರೇಳು ಕಿಲೋ. ಅಲ್ಲಿಗೆ ಎರಡೂ ನನ್ನ ಪಟ್ಟಿಯಿಂದ ಹೊರಗೆ. (ಬ್ರಾಂಪ್ಟನ್ ಬೆಲೆ ಕೇಳಿದ ಮೇಲೆ ಅದು ಹೊರಗೆ ಹೋಗಿದ್ದಕ್ಕೆ ಸಂತೋಷವೇ ಆಯ್ತು.)

ಎರಡು, ಸೀಟಿನ ಎತ್ತರ. ಬರಿಗಾಲಲ್ಲಿ ಗೋಡೆಗೆ ಒರಗಿ, ಕಾಲ ಸಂದಿಗೆ ಒಂದು ದಪ್ಪ ಪುಸ್ತಕ ಒತ್ತಿ ಹಿಡಿದು, ನೆಲದಿಂದ ಅಳೀರಿ. ನನ್ನದು 88 ಸೆಂಟಿಮೀಟರ್. ಮೂರು ಸಲ ಟೂರ್ ದ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಒಂದು ಲೆಕ್ಕ ಚಾಲ್ತಿಯಲ್ಲಿದೆ: ಆ ಅಳತೆಯನ್ನ 0.883ರಿಂದ ಗುಣಿಸಿದ್ರೆ, ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ದೂರ ಬರುತ್ತೆ. ನನಗೆ ಹೆಚ್ಚೂ ಕಡಿಮೆ 78. ರೇಸಿನವರ ಲೆಕ್ಕ, ನಮಗೆ ಒಂದೆರಡು ಸೆಂಟಿಮೀಟರ್ ಆಚೀಚೆ ಆದ್ರೂ ನಡೆಯುತ್ತೆ. ಅಂಗಡಿಗೆ ಟೇಪು ತಗೊಂಡೇ ಹೋಗಿ. ಆ ಎತ್ತರಕ್ಕೆ ಎಳೆದಾಗ ರಾಡಿನ ಮೇಲಿರುವ "ಇದಕ್ಕಿಂತ ಹೆಚ್ಚು ಎಳೆಯಬೇಡಿ" ಗೆರೆ ಒಳಗೇ ಇರಬೇಕು, ಅದೂ ಒಂದಿಷ್ಟು ಇಂಚು ಒಳಗೆ. ನನ್ನ ಹಳೆ ಸೈಕಲ್ಲಿನಲ್ಲಿ ಆ ಗೆರೆ ಹೊರಗೆ ಬಂದು ನಗ್ತಾ ಇತ್ತು, ನಾನು ಅದನ್ನ ಡಿಸೈನ್ ಅಂದ್ಕೊಂಡಿದ್ದೆ :( ತಗ್ಗಿಸಿ ಕೂತ್ರಾಯ್ತಲ್ಲ ಅನ್ನಬೇಡಿ, ಒಂದು ವಾರದಲ್ಲಿ ಮಂಡಿ ಮಾತಾಡುತ್ತೆ.

ಮೂರು, ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ಜಾಗ. ಒಂದು ಪೆಡಲ್ ಪೂರ್ತಿ ಮೇಲೆ ಬಂದಾಗ ಹ್ಯಾಂಡಲ್ ತಿರುಗಿಸಿ ನೋಡಿ. ಮಂಡಿಗೆ ತಾಗಿದ್ರೆ ಅದು ನಿಮ್ಮ ಸೈಕಲ್ಲಲ್ಲ. ಮುಂದಿನ ಬ್ರೇಕ್ ಹಿಡ್ಕೊಂಡು ಹ್ಯಾಂಡಲ್ಲನ್ನ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ, ಕೀಲಿನ ಹತ್ರ ಕಟಕಟ ಅಂದ್ರೆ ಬಿಗಿ ಮಾಡಿಸಿ. ಆಮೇಲೂ ಸದ್ದು ಬಂದ್ರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ನಾಲ್ಕು, ಚಕ್ರ. ಚಿಕ್ಕ ಚಕ್ರ ಭಾರಕ್ಕೆ ಮುರಿಯುತ್ತೆ ಅನ್ನೋದು ತಪ್ಪು, ಕಡ್ಡಿ ಗಿಡ್ಡ ಆದಷ್ಟೂ ಚಕ್ರ ಗಟ್ಟಿ. ಆದ್ರೆ ನಮ್ಮೂರಿನ ಹೊಂಡಗಳಲ್ಲಿ ಚಿಕ್ಕದು ಹೆಚ್ಚು ಆಳಕ್ಕೆ ಇಳಿಯುತ್ತೆ. ನನಗೆ 16 ಇಂಚಿಗಿಂತ 20 ಇಂಚೇ ವಾಸಿ ಅನ್ನಿಸ್ತು, ಟಯರೂ ಅಗಲದ್ದು. ಒಂದು ಮೋಸ ಇದೆ: 20 ಇಂಚು ಅಂತ ಕರೆಸಿಕೊಳ್ಳೋದ್ರಲ್ಲೇ 406, 451 ಅಂತ ಎರಡು ಅಳತೆ ಇವೆ, ಒಂದರ ಟಯರು ಇನ್ನೊಂದಕ್ಕೆ ಕೂರಲ್ಲ. 406 ಆದ್ರೆ ಬಿಎಂಎಕ್ಸ್ ಸೈಕಲ್ಲಿನದ್ದೂ ಅದೇ ಅಳತೆ, ಹುಡುಕೋದು ಸುಲಭ. ಗಾಳಿ ಪ್ರತಿ ವಾರ ನೋಡಿ, ನಮ್ಮ ಭಾರಕ್ಕೆ ಮೆತ್ತಗಿನ ಟಯರು ಹೊಂಡದ ಅಂಚಿಗೆ ಬಡಿದು ಟ್ಯೂಬು ಕತ್ತರಿಸಿಕೊಳ್ಳುತ್ತೆ.

ಬೆಲೆ, ಬಣ್ಣ, ಗೇರು, ಎಷ್ಟು ಸೆಕೆಂಡಿನಲ್ಲಿ ಮಡಚುತ್ತೆ ಅನ್ನೋದೆಲ್ಲ ಈ ನಾಲ್ಕು ಆದ ಮೇಲೆ.

ಈಗ ನನ್ನ ಹತ್ರ ಇರೋದು ಉಕ್ಕಿನ ಚೌಕಟ್ಟಿನ, 20 ಇಂಚು ಚಕ್ರದ, 120 ಕಿಲೋ ಮಿತಿಯ, ಒಬ್ಬರು ಬಳಸಿ ಮಾರಿದ ಸೈಕಲ್ಲು. ಹಳೆಯದಕ್ಕಿಂತ ಎರಡು ಕಿಲೋ ಭಾರ, ಮಡಚಿದ್ರೂ ಸೂಟ್‌ಕೇಸ್ ಥರ ಆಗಲ್ಲ, ಅಕ್ಕಿ ಮೂಟೆ ಥರ ಆಗುತ್ತೆ. ಚೀಲಕ್ಕೆ ಹಾಕಿ ಎತ್ಕೊಂಡು ಮೆಟ್ಟಿಲು ಹತ್ತೋದ್ರಲ್ಲೇ ಡಾಕ್ಟರು ಹೇಳಿದ ಅರ್ಧ ವ್ಯಾಯಾಮ ಮುಗಿಯುತ್ತೆ. ರಶ್ ಶುರುವಾಗೋ ಮುಂಚೆ ಹೋಗಿಬಿಡ್ತೀನಿ, ಇಲ್ಲಾಂದ್ರೆ ನಾನು ಮತ್ತು ಇದು ಸೇರಿ ನಾಲ್ಕು ಜನರ ಜಾಗ ತಿಂತೀವಿ. (ಮೆಟ್ರೋದಲ್ಲಿ ಸಾಮಾನಿನ ಅಳತೆ, ತೂಕಕ್ಕೆ ನಿಯಮ ಇದೆ. ಕೊಳ್ಳೋಕೆ ಮುಂಚೆ ನಿಮ್ಮ ಸ್ಟೇಷನ್ನಿನಲ್ಲಿ ಕೇಳಿಕೊಂಡು ಬನ್ನಿ.)

ಇನ್ನೊಂದು ಮಾತು. ಮಡಚಲೇಬೇಕಾದ ಕಾರಣ ಇಲ್ಲದಿದ್ರೆ ಮಡಚುವ ಸೈಕಲ್ ಕೊಳ್ಳಲೇಬೇಡಿ. ನಮ್ಮ ಮೈಕಟ್ಟಿಗೆ ದೊಡ್ಡ ಚಕ್ರದ ಮಾಮೂಲಿ ಸೈಕಲ್ಲೇ ಅದಕ್ಕಿಂತ ಗಟ್ಟಿ, ಅಗ್ಗ, ಆರಾಮ. ಒಂದು ಕಡೆ ಮಾತ್ರ ಸೈಕಲ್ ಬೇಕು, ಸ್ಟೇಷನ್ನಿನಲ್ಲಿ ನಿಲ್ಲಿಸೋಕೆ ಜಾಗ ಇದೆ ಅಂದ್ರೆ ಅದೇ ಸಾಕು. ನನಗೆ ಎರಡೂ ಕಡೆ ಬೇಕಿತ್ತು, ಅದಕ್ಕೆ ಈ ಕಷ್ಟ.

ಎಲ್ಲರೂ ಇಂಥ ಸೈಕಲ್ಲನ್ನ ಮಡಚಿದಾಗ ಎಷ್ಟು ಚಿಕ್ಕದಾಗುತ್ತೆ ಅಂತ ನೋಡ್ತಾರೆ, ಮಾರೋರೂ ಅದನ್ನೇ ತೋರಿಸ್ತಾರೆ. ಮಡಚೋದು ದಿನಕ್ಕೆ ಒಂದೆರಡು ನಿಮಿಷದ ಕೆಲಸ, ಉಳಿದ ಹೊತ್ತೆಲ್ಲ ಅದರ ಮೇಲೆ ಕೂತು ತುಳಿಯೋದು ನಾವು. ಬಿಚ್ಚಿದಾಗ ನಮ್ಮ ಅಳತೆಗೆ ದೊಡ್ಡದಾಗುತ್ತಾ ಅನ್ನೋದೇ ಮೊದಲ ಪ್ರಶ್ನೆ ಆಗಬೇಕು ಅಂತ ನನ್ನ ವಾದ. ಮಾರೋರಿಗೆ ಒಂದೇ ಬೇಡಿಕೆ: ಬೆಲೆ ಚೀಟಿಯ ಮೇಲೇ ಎರಡು ಸಂಖ್ಯೆ ಬರೀರಿ, ಎಷ್ಟು ಕಿಲೋ ತಡೆಯುತ್ತೆ, ಸೀಟು ಎಷ್ಟು ಎತ್ತರ ಏರುತ್ತೆ. ದಪ್ಪಗಿರೋರು ಸೈಕಲ್ ತುಳೀಬೇಕು ಅಂತ ಊರೆಲ್ಲ ಉಪದೇಶ ಮಾಡುತ್ತೆ, ಸೈಕಲ್ ಮಾತ್ರ ತೆಳ್ಳಗಿರೋರ ಅಳತೆಗೆ ಮಾಡ್ತಾರೆ. ಇದು ಯಾವ ನ್ಯಾಯ?

ಅಂದ ಹಾಗೆ, ಎರಡನೇ ಸಲ ಸೈಕಲ್ ನೋಡೋಕೆ ಹೋದಾಗ ಬಾಗಿಲಲ್ಲೇ ಗಟ್ಟಿಯಾಗಿ ಹೇಳಿದೆ: "ನನ್ನ ತೂಕ 108, ಬ್ಯಾಗ್ ಸೇರಿ 115. ಇದು ತಡೆಯುತ್ತಾ?" ಯಾರೂ ನಗಲಿಲ್ಲ. ಮಾರುತ್ತಿದ್ದವರು ಒಳಗೆ ಹೋಗಿ ಕೈಪಿಡಿ ತಂದು ಪುಟ ತೆಗೆದು ತೋರಿಸಿದ್ರು. ಒಂದು ಮಣಿಕಟ್ಟು ಉಳಿಸಬಹುದಾಗಿದ್ದ ಪ್ರಶ್ನೆಗೆ ಹಿಡಿದದ್ದು ಅರ್ಧ ನಿಮಿಷ.

ಮೊನ್ನೆ ಅಮ್ಮನಿಗೂ ನಿಜ ಹೇಳ್ದೆ. "ಮರಳಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು, ಬಾಗಿದ ರಾಡು ನೋಡಿದ್ದೆ" ಅಂದ್ರು. ಆಮೇಲೆ ಎಂದಿನ ಹಾಗೆ ಇನ್ನೊಂದು ದೋಸೆ ಹಾಕೋಕೆ ಬಂದ್ರು. ಬೇಡ ಅಂದೆ. ಅರ್ಧ ತಗೊಂಡೆ :)

ನಿಮ್ಮಲ್ಲಿ ನನ್ನಂಥ ಗಾತ್ರದವರು ಮಡಚುವ ಸೈಕಲ್ ಓಡಿಸ್ತಿದ್ರೆ ಯಾವುದು, ಎಷ್ಟು ದಿನ ಬಾಳಿಕೆ ಬಂತು ಅಂತ ಬರೀರಿ. ತೂಕ ಬರೆಯೋಕೆ ನಾಚಿಕೆ ಬೇಡ, ನಾನು ಬರ್ದಾಯ್ತಲ್ಲ.