ಹೋಟೆಲ್ ಮಾಣಿಗಳ ಜಾರ್ಜ್, ಯುದ್ಧದ ಮಂತ್ರಿ ಜಾರ್ಜ್

ಮಂಗಳೂರಿನಲ್ಲಿ ಜಾರ್ಜ್ ಫರ್ನಾಂಡಿಸನ ಹೆಸರೆತ್ತಿ ನೋಡಿ, ಮಾತು ಸೀದಾ ಕೊಂಕಣ ರೈಲು ಹತ್ತುತ್ತದೆ. 'ನಮ್ಮೂರ ಹುಡುಗ ಮಾರಾಯ್ರೆ, ದೇಶದ ರಕ್ಷಣಾ ಮಂತ್ರಿಯಾದ' ಅಂತ ಎದೆ ಉಬ್ಬಿಸುತ್ತಾರೆ. ಉಬ್ಬಿಸಲಿ. ನಮಗೂ ಅವನು ನಮ್ಮವನೇ, ಅದಕ್ಕೇ ಈ ಏಕವಚನ. ನಮ್ಮವನಾದ್ದರಿಂದಲೇ ಕೇಳುತ್ತೇವೆ: 1999ರಲ್ಲಿ ಕಾರ್ಗಿಲ್ ಯುದ್ಧ ನಡೆಸಿದ ಆ ಸಮ್ಮಿಶ್ರ ಸರ್ಕಾರದ ಕುರ್ಚಿಯಲ್ಲಿ ಕೂತದ್ದು ಯಾವ ಜಾರ್ಜ್?

1930ರಲ್ಲಿ ಈ ಊರಲ್ಲಿ ಹುಟ್ಟಿದವನು. ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಹೋಗಿ, ಅಲ್ಲಿ ದೊಡ್ಡವರ ತಟ್ಟೆಗೊಂದು ಊಟ, ಹುಡುಗರ ತಟ್ಟೆಗೊಂದು ಊಟ ಎಂಬುದನ್ನು ಕಂಡು ರೊಚ್ಚಿಗೆದ್ದು ಹೊರಬಿದ್ದವನು. ಪಂಕ್ತಿಭೇದ! ಆ ಪದದ ಅರ್ಥವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿಗೆ ಬಂದವನು ಅಮ್ಮೆಂಬಳ ಬಾಳಪ್ಪನವರ ಸಮಾಜವಾದಿ ಗರಡಿಯಲ್ಲಿ ಪಳಗಿ, ಹೋಟೆಲ್ ಕಾರ್ಮಿಕರನ್ನು, ಸಾರಿಗೆ ಕಾರ್ಮಿಕರನ್ನು ಸಂಘಟಿಸಿದ. ಮುಂದೆ 1974ರ ಮೇ ತಿಂಗಳಲ್ಲಿ ಇವನ ಒಂದು ಕರೆಗೆ ದೇಶದ ರೈಲುಗಳೇ ನಿಂತವು.

ಈಗ ಆ ಸರ್ಕಾರ ನೋಡಿ. 1999ರ ಏಪ್ರಿಲ್ 17ರಂದು ವಾಜಪೇಯಿ ಸಂಪುಟ ಲೋಕಸಭೆಯಲ್ಲಿ ಒಂದೇ ಒಂದು ಮತದಿಂದ ಬಿತ್ತು. ಬಿದ್ದ ಸರ್ಕಾರವೇ ಯುದ್ಧ ನಡೆಸಿತು. ಗುಡ್ಡದ ಮೇಲೆ ಶತ್ರು ಕೂತಿದ್ದಾನೆಂದು ಮೊದಲು ಬಂದು ಹೇಳಿದವರು ಗೂಢಚಾರರಲ್ಲ, ಕುರಿ ಕಾಯುವವರು. ನಲವತ್ತೆಂಟು ಗಂಟೆಯಲ್ಲಿ ಓಡಿಸುತ್ತೇವೆ ಎಂದ ನಮ್ಮ ಮಂತ್ರಿ. ಮುಗಿದದ್ದು ಜುಲೈ 26ಕ್ಕೆ. ಸರ್ಕಾರದ ಲೆಕ್ಕದಲ್ಲೇ ಸತ್ತವರು 527. ರೈತರ ಮಕ್ಕಳು, ಕೂಲಿಕಾರರ ಮಕ್ಕಳು. ಮಂತ್ರಿ ಮಕ್ಕಳ ಹೆಸರು ಆ ಪಟ್ಟಿಯಲ್ಲಿ ಹುಡುಕಿ ನೋಡಿ.

ಲೋಕಸಭೆ ಇಲ್ಲ, ರಾಜ್ಯಸಭೆಯನ್ನಾದರೂ ಕರೆಯಿರಿ ಎಂದು ವಿರೋಧಪಕ್ಷಗಳು ಕೇಳಿದವು. ಕರೆಯಲಿಲ್ಲ. 1962ರಲ್ಲಿ ಚೀನಾ ಯುದ್ಧದ ನಡುವೆ ಸಂಸತ್ತು ಕರೆಯಿರಿ ಎಂದು ಪಟ್ಟು ಹಿಡಿದವರು ಇದೇ ವಾಜಪೇಯಿ, ನೆಹರೂ ಕರೆದಿದ್ದರು! ಮಾಲೀಕ ಲೆಕ್ಕ ಕೊಡಬೇಕು ಎಂದು ಹೋಟೆಲ್ ಮಾಣಿಗಳಿಗೆ ಕಲಿಸಿದವನು ಕೂತಿದ್ದ ಸಂಪುಟ ಅದು.

ಅವನು ಸಿಯಾಚಿನ್‌ಗೆ ಮತ್ತೆ ಮತ್ತೆ ಹೋದದ್ದು ನಿಜ. ಹಿಮದ ಸ್ಕೂಟರಿನ ಕಡತ ತಡೆದ ಅಧಿಕಾರಿಗಳನ್ನು ಅದೇ ಹಿಮಕ್ಕೆ ಕಳಿಸಿದ್ದೂ ನಿಜ. ಭೇಷ್! ಶವಪೆಟ್ಟಿಗೆ ಹಗರಣದ ಆರೋಪ ಕೋರ್ಟಿನಲ್ಲಿ ನಿಲ್ಲಲಿಲ್ಲ; ಆ ಕೊಳೆಯನ್ನು ನಾವು ಎರಚುವುದಿಲ್ಲ. ನಮ್ಮ ತಕರಾರು ದುಡ್ಡಿನದ್ದಲ್ಲ.

ಸಮ್ಮಿಶ್ರ ಸರ್ಕಾರಕ್ಕೆ ಇಂಥವನು ಯಾಕೆ ಬೇಕಿತ್ತು? ಗುರಾಣಿಗೆ. 1999ರ ಜನವರಿಯಲ್ಲಿ ಒರಿಸ್ಸಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್‌ನನ್ನು ಇಬ್ಬರು ಪುಟ್ಟ ಮಕ್ಕಳ ಸಮೇತ ಸುಟ್ಟರು. ಮಂತ್ರಿಗಳ ತಂಡ ಕಟ್ಟಿಕೊಂಡು ಹೋದವನು ಜಾರ್ಜ್; ಬಂದು ಹೇಳಿದ್ದು ಸರ್ಕಾರದ ವಿರುದ್ಧ ಅಂತರರಾಷ್ಟ್ರೀಯ ಪಿತೂರಿ ಅಂತ. 2002ರಲ್ಲಿ ಗುಜರಾತಿನ ಹೆಂಗಸರ ಮೇಲಿನ ಅತ್ಯಾಚಾರದ ಮಾತು ಲೋಕಸಭೆಗೆ ಬಂದಾಗ, ಇದೇನು ಹೊಸದೇ ಎಂಬಂತೆ ಮಾತಾಡಿದ. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಸಮಾಜವಾದಿಯ ಬಾಯಿಂದ ಈ ಮಾತು ಬಂದರೆ ಬೇಕಾದವರಿಗೆ ಎಷ್ಟು ಅನುಕೂಲ!

'ಅಧಿಕಾರ ಅಂದ್ರೆ ಹಾಗೇ ಸ್ವಾಮಿ, ಎಲ್ಲರೂ ಬದಲಾಗ್ತಾರೆ' ಅನ್ನುವವರು ಇದ್ದಾರೆ. ಸುಳ್ಳು. 1942ರ ಜುಲೈಯಲ್ಲಿ, ಇನ್ನೊಂದು ಯುದ್ಧದ ನಡುವೆ, ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಹಿಡಿದರು. ಅದು ಸಮ್ಮಿಶ್ರ ಸರ್ಕಾರವೂ ಅಲ್ಲ, ಪರಕೀಯರ ಮನೆ. 1943ರಲ್ಲಿ ಪರಿಶಿಷ್ಟರಿಗೆ ಕೇಂದ್ರದ ನೌಕರಿಯಲ್ಲಿ ಶೇಕಡಾ 8.33 ಮೀಸಲಾತಿ ತಂದರು. 1946ರಲ್ಲಿ ಕಾರ್ಖಾನೆಯ ವಾರದ ದುಡಿತ 54 ಗಂಟೆಯಿಂದ 48ಕ್ಕೆ ಇಳಿಯಿತು. ಕಲ್ಲಿದ್ದಲ ಗಣಿಯೊಳಕ್ಕೆ ಹೆಂಗಸರನ್ನು ಇಳಿಸಲು 1943ರಲ್ಲಿ ಅದೇ ಇಲಾಖೆ ಒಪ್ಪಿದ್ದೂ ಉಂಟು; ಯುದ್ಧ ಅಲ್ಲೂ ತನ್ನ ಕಪ್ಪ ಕೇಳಿತು, ನಾವು ಮುಚ್ಚಿಡುವುದಿಲ್ಲ. ಆದರೆ 1951ರಲ್ಲಿ ಹಿಂದೂ ಕೋಡ್ ಬಿಲ್ ಕೈಬಿಟ್ಟಾಗ ನೆಹರೂ ಸಂಪುಟದ ಕುರ್ಚಿಯನ್ನು ಒದ್ದು ಬಂದರು. ನಮ್ಮ ಜಾರ್ಜ್ ಕುರ್ಚಿ ಬಿಟ್ಟದ್ದು 2001ರ ಮಾರ್ಚಿಯಲ್ಲಿ, ತೆಹಲ್ಕಾ ಟೇಪು ಹೊರಬಿದ್ದ ಮೇಲೆ. ಅಕ್ಟೋಬರಿಗೆಲ್ಲ ಮತ್ತೆ ಹತ್ತಿದ.

2004ರಲ್ಲಿ ಅವನು ಇಳಿದು ಹೋಗುವಾಗಲೂ ರಜಪೂತ, ಜಾಟ್, ಡೋಗ್ರಾ ಎಂದು ಸೈನ್ಯದ ರೆಜಿಮೆಂಟುಗಳು ಹಳೆಯ ಹೆಸರಲ್ಲೇ ಇದ್ದವು. ಜಾತಿ ನಾಶದ ಮಾತಾಡಿದ ಲೋಹಿಯಾರ ಶಿಷ್ಯ, ಸುಮಾರು ಆರು ವರ್ಷದ ಸರ್ಕಾರ, ಅದೇ ಇಲಾಖೆ.